ಇಂಡಕ್ಷನ್ ತರಬೇಕಾ, ಕರೆಂಟ್ ಕುಕ್ಕರ್ ಸಾಕಾ?

ಪ್ರಶ್ನೆ: ನಮ್ಮ ಮನೆ ಪೆರ್ಲದಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಐದು ಜನ. ಒಂದು ಗ್ಯಾಸ್ ಸಿಲಿಂಡರ್ 40 ದಿನ ಬರುತ್ತದೆ. ಮಳೆಗಾಲದಲ್ಲಿ ಗ್ಯಾಸಿನ ಗಾಡಿ ತಡವಾದರೆ ಹಳೆಯ ಅಡುಗೆಕೋಣೆಯ ಸೌದೆ ಒಲೆಯೇ ಗತಿ. ಅತ್ತೆಗೆ ಹೊಗೆ ಆಗುವುದಿಲ್ಲ. ಮಂಗಳೂರಿನಲ್ಲಿರುವ ಮಗ ಇಂಡಕ್ಷನ್ ತನ್ನಿ ಎನ್ನುತ್ತಾನೆ. ಆದರೆ ಪಕ್ಕದ ಮನೆಯವರು ಅದನ್ನು ತಂದ ಮೇಲೆ ಕರೆಂಟ್ ಬಿಲ್ ಡಬಲ್ ಆಯಿತಂತೆ. ಅಂಗಡಿಯವರು ಇನ್‌ಫ್ರಾರೆಡ್ ಒಲೆ ತೋರಿಸಿ, ಇದಕ್ಕೆ ಯಾವ ಪಾತ್ರೆಯೂ ಆಗುತ್ತದೆ ಎಂದರು. ನಾದಿನಿ ಕರೆಂಟಿನ ರೈಸ್ ಕುಕ್ಕರ್ ಸಾಕು ಎನ್ನುತ್ತಾಳೆ. ನಮ್ಮದು ಕುಚ್ಚಲಕ್ಕಿ ಊಟ. ಎರಡು ತಿಂಗಳ ಬಿಲ್ಲಿನಲ್ಲಿ 380 ಯೂನಿಟ್ ಬರುತ್ತದೆ. ಸಂಜೆ ವೋಲ್ಟೇಜ್ ಕಡಿಮೆ. ಮಾವನಿಗೆ ಪೇಸ್‌ಮೇಕರ್ ಹಾಕಿದ್ದಾರೆ, ಇಂಡಕ್ಷನ್ನಿನ ರೇಡಿಯೇಶನ್‌ನಿಂದ ಅವರಿಗೆ ತೊಂದರೆ ಇದೆಯಾ? ಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನೆಲ್ಲ ಕೊಟ್ಟುಬಿಡಬೇಕಾ? ಐದು ಸಾವಿರದೊಳಗೆ ಏನು ಮಾಡುವುದು ಒಳ್ಳೆಯದು?

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನನಗೆ ಇಷ್ಟವಾದದ್ದು ಆ ಎರಡು ಅಂಕಿ. 380 ಯೂನಿಟ್ ಮತ್ತು 40 ದಿನ. ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. "ಒಳ್ಳೆಯ ಇಂಡಕ್ಷನ್ ಯಾವುದು" ಎಂದಷ್ಟೇ ಕೇಳುತ್ತಾರೆ. ಬದಿಯಡ್ಕದ ಕಡೆ ವಯರಿಂಗ್ ಮತ್ತು ರಿಪೇರಿ ಕೆಲಸ ಮಾಡುತ್ತ ನನಗೆ 28 ವರ್ಷ ಆಯಿತು. ನಾನು ನೋಡಿದ ಮಟ್ಟಿಗೆ, ಒಲೆ ಕೆಟ್ಟದ್ದಾಗಿದ್ದರಿಂದ ಬೇಜಾರಾದವರು ಕಡಿಮೆ. ತಮ್ಮ ಮನೆಯ ಬಿಲ್, ಅಕ್ಕಿ, ಪ್ಲಗ್ ಪಾಯಿಂಟ್ ಈ ಮೂರನ್ನು ನೋಡದೆ ಒಲೆ ತಂದು ಬೇಜಾರಾದವರು ಜಾಸ್ತಿ.

ಮೊದಲು ಬಿಲ್ಲಿನ ಮಾತು. ಪಕ್ಕದ ಮನೆಯವರು ಹೇಳಿದ್ದು ಸುಳ್ಳಲ್ಲ. ನಮ್ಮ ಕಾಸರಗೋಡಿನಲ್ಲಿ ಅದು ನಿಜವಾಗಿಯೂ ಆಗುತ್ತದೆ. ಆದರೆ ಅದಕ್ಕೆ ಕಾರಣ ಇಂಡಕ್ಷನ್ ಕರೆಂಟ್ ನುಂಗುತ್ತದೆ ಎಂಬುದಲ್ಲ. ಕಾರಣ ಕೆಎಸ್‌ಇಬಿಯ, ಅಂದರೆ ಕೇರಳದ ವಿದ್ಯುತ್ ಮಂಡಳಿಯ, ದರದ ಲೆಕ್ಕ.

ತಿಂಗಳಿಗೆ 250 ಯೂನಿಟ್ ತನಕ, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500ರ ತನಕ, ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮೊದಲ 50 ಯೂನಿಟ್‌ಗೆ ಕಡಿಮೆ, ಮುಂದಿನ 50ಕ್ಕೆ ಸ್ವಲ್ಪ ಜಾಸ್ತಿ, ಹೀಗೆ. 2025ರ ಏಪ್ರಿಲ್‌ನಲ್ಲಿ ಬಂದ ದರದ ಪ್ರಕಾರ ಕೊನೆಯ ಮೆಟ್ಟಿಲಿಗೆ ಯೂನಿಟ್‌ಗೆ 8 ರೂಪಾಯಿ 50 ಪೈಸೆ. 500 ದಾಟಿದಿರೋ, ಮೆಟ್ಟಿಲೇ ಇಲ್ಲ. ಮೊದಲ ಯೂನಿಟ್‌ನಿಂದಲೇ ಎಲ್ಲದಕ್ಕೂ 6 ರೂಪಾಯಿ 75 ಪೈಸೆ. ಎಂಟೂವರೆಗಿಂತ ಇದು ಕಡಿಮೆ ಅಲ್ವಾ ಎಂದು ಅನಿಸಬಹುದು. ಆದರೆ ಅಲ್ಲಿಯ ತನಕ ಮೂರು ಮೂರೂವರೆ ರೂಪಾಯಿಗೆ ಸಿಗುತ್ತಿದ್ದ ಯೂನಿಟ್‌ಗಳೂ ಈಗ ಆರೂ ಮುಕ್ಕಾಲಿನ ಲೆಕ್ಕಕ್ಕೆ ಬರುತ್ತವೆ. 500 ಯೂನಿಟ್ ಸುಟ್ಟರೆ ಕರೆಂಟಿನ ಹಣ ಸುಮಾರು 2,865 ರೂಪಾಯಿ. 502 ಸುಟ್ಟರೆ 3,390ರ ಹತ್ತಿರ. ಎರಡೇ ಯೂನಿಟ್‌ಗೆ 500 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ಇದರ ಮೇಲೆ ನೂರಕ್ಕೆ 10ರಂತೆ ಸುಂಕ ಇದೆ, ಫಿಕ್ಸೆಡ್ ಚಾರ್ಜ್ ಬೇರೆ.

ಈಗ ನಿಮ್ಮ ಮನೆಗೆ ಬರೋಣ. 14.2 ಕಿಲೋದ ಒಂದು ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್‌ನಷ್ಟು ಶಾಖ ಇರುತ್ತದೆ. ಗ್ಯಾಸ್ ಒಲೆಯಲ್ಲಿ ಅದೆಲ್ಲ ಪಾತ್ರೆಗೆ ಸೇರುವುದಿಲ್ಲ. ಬದಿಯಿಂದ ಹೋಗುವ ಬಿಸಿ ಹೋಗಿಯೇ ಹೋಗುತ್ತದೆ. ಪಾತ್ರೆಗೆ ಸಿಗುವುದು 110, 120. ಇಂಡಕ್ಷನ್ನಿನಲ್ಲಿ ನೂರರಲ್ಲಿ 85ರಷ್ಟು ಪಾತ್ರೆಗೇ ಹೋಗುತ್ತದೆ. ಹಾಗಾಗಿ ಒಂದು ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್ನಿನಲ್ಲಿ ಮಾಡಲು ಸುಮಾರು 135 ಯೂನಿಟ್ ಬೇಕು. ಈ 135 ಅನ್ನು ನೆನಪಿಟ್ಟುಕೊಳ್ಳಿ, ಬಹಳ ಉಪಯೋಗದ ಅಂಕಿ.

ನಿಮಗೆ ಎರಡು ತಿಂಗಳಿಗೆ ಒಂದೂವರೆ ಸಿಲಿಂಡರ್ ಬೇಕು. ಅಷ್ಟನ್ನೂ ಇಂಡಕ್ಷನ್ನಿಗೆ ಹಾಕಿದರೆ 200 ಯೂನಿಟ್. ಈಗಿನ 380ಕ್ಕೆ 200 ಸೇರಿದರೆ 580. ಅಲ್ಲಿಗೆ 500ರ ಗೆರೆ ದಾಟಿತು. ಈಗ ನೀವು ಕರೆಂಟಿಗೆ ಕೊಡುವುದು ಸುಮಾರು 1,870 ರೂಪಾಯಿ. ಆಗ ಅದು 3,900 ದಾಟುತ್ತದೆ. ಡಬಲ್‌ಗಿಂತ ಜಾಸ್ತಿ! ಪಕ್ಕದ ಮನೆಯವರಿಗೆ ಆದದ್ದು ಬಹುಶಃ ಇದೇ. ಉಳಿಯುವುದು ಒಂದೂವರೆ ಸಿಲಿಂಡರಿನ ಹಣ. ಸಿಲಿಂಡರಿಗೆ 900 ಎಂದು ಹಿಡಿದರೂ 1,350. ಅಂದರೆ ನಷ್ಟವೇ.

ಹಾಗಾದರೆ ಇಂಡಕ್ಷನ್ ಯಾರಿಗೂ ಲಾಭ ಇಲ್ಲವಾ? ಇದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಎರಡು ತಿಂಗಳಿಗೆ 150 ಯೂನಿಟ್ ಬಿಲ್ ಎಂದು ಇಟ್ಟುಕೊಳ್ಳಿ. ಅವರು ಇನ್ನೊಂದು 100 ಯೂನಿಟ್ ಸುಟ್ಟರೂ ಅದು 4 ರೂಪಾಯಿ 25 ಪೈಸೆ, 5 ರೂಪಾಯಿ 35 ಪೈಸೆಯ ಮೆಟ್ಟಿಲಲ್ಲೇ ಇರುತ್ತದೆ. ಅವರಿಗೆ ಗ್ಯಾಸಿಗಿಂತ ಇಂಡಕ್ಷನ್ ಅಗ್ಗ. ನೋಡುವುದು ಹೇಗೆ? ನಿಮ್ಮ ಸಿಲಿಂಡರಿನ ಬೆಲೆಯನ್ನು 135ರಿಂದ ಭಾಗಿಸಿ. 900 ರೂಪಾಯಿ ಆದರೆ 6 ರೂಪಾಯಿ 67 ಪೈಸೆ ಬರುತ್ತದೆ. ನಿಮ್ಮ ಕೊನೆಯ ಮೆಟ್ಟಿಲಿನ ಯೂನಿಟ್ ಬೆಲೆ, ಸುಂಕ ಸೇರಿಸಿ, ಇದಕ್ಕಿಂತ ಕಡಿಮೆ ಇದ್ದರೆ ಇಂಡಕ್ಷನ್ ಲಾಭ. ಜಾಸ್ತಿ ಇದ್ದರೆ ಗ್ಯಾಸೇ ಲಾಭ. ನಿಮ್ಮ ಮನೆಯಲ್ಲಿ ಅದು ಎಂಟು ಒಂಬತ್ತು ರೂಪಾಯಿಯ ಆಸುಪಾಸು ಇದೆ. ಆದ್ದರಿಂದ ನೇರವಾಗಿ ಹೇಳುತ್ತೇನೆ: ದುಡ್ಡು ಉಳಿಸಲು ನೀವು ಇಂಡಕ್ಷನ್ ತರಬೇಡಿ. ಗ್ಯಾಸ್ ತಡವಾದಾಗ ಅತ್ತೆಗೆ ಹೊಗೆ ತಪ್ಪಿಸಲು, ಬೆಳಿಗ್ಗೆ ಎರಡು ಒಲೆ ಸಾಲದಿದ್ದಾಗ ಮೂರನೆಯದಾಗಿ ಇರಲು ತನ್ನಿ. ಅದಕ್ಕೆ ಅದು ತುಂಬ ಒಳ್ಳೆಯದು.

ಬಿಲ್ ಮಲಯಾಳದಲ್ಲಿದೆ, ಓದಲು ಬರುವುದಿಲ್ಲ ಎಂದು ನಮ್ಮ ಹಿರಿಯರು ಸುಮ್ನೆ ಮಡಚಿ ಇಡುತ್ತಾರೆ. ಹಾಗೆ ಮಾಡಬೇಡಿ. ಶಾಲೆಗೆ ಹೋಗುವ ಯಾವ ಮಕ್ಕಳಾದರೂ ಓದಿಕೊಡುತ್ತಾರೆ. ಎರಡು ರೀಡಿಂಗ್‌ಗಳ ನಡುವಿನ ವ್ಯತ್ಯಾಸ ಎಷ್ಟು ಎಂದು ನೋಡಿದರೆ ಸಾಕು. ಅಡುಗೆಗೆ ಕರೆಂಟ್ ಬಳಸಲು ಶುರು ಮಾಡಿದ ಮೇಲೆ ತಿಂಗಳಿಗೊಮ್ಮೆ ಮೀಟರ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ತಿಂಗಳಿಗೆ 250ರ ಒಳಗೆ ಇದೆಯಾ ಎಂದು ಆಗಲೇ ಗೊತ್ತಾಗುತ್ತದೆ.

ಇನ್ನು ಅಕ್ಕಿಯ ವಿಷಯ. ನಾದಿನಿ ಹೇಳಿದ ರೈಸ್ ಕುಕ್ಕರ್ ಒಳ್ಳೆಯ ಸಾಮಾನು. ಆದರೆ ಅದು ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ, ಅಕ್ಕಿಗೆ ಹುಟ್ಟಿದ್ದು. ಅದರ ಅಡಿಯಲ್ಲಿ ಸ್ಪ್ರಿಂಗಿನ ಮೇಲೆ ಒಂದು ಸಣ್ಣ ಆಯಸ್ಕಾಂತ ಇರುತ್ತದೆ. ಪಾತ್ರೆಯಲ್ಲಿ ನೀರು ಇರುವ ತನಕ ಬಿಸಿ 100 ಡಿಗ್ರಿ ದಾಟುವುದಿಲ್ಲ. ನೀರೆಲ್ಲ ಅಕ್ಕಿ ಹೀರಿಕೊಂಡ ಮೇಲೆ ತಳ ಇನ್ನಷ್ಟು ಕಾಯುತ್ತದೆ. ಸುಮಾರು 103 ಡಿಗ್ರಿಯಲ್ಲಿ ಆ ಆಯಸ್ಕಾಂತದ ಹಿಡಿತ ಹೋಗುತ್ತದೆ, ಟಕ್ ಎಂದು ಸ್ವಿಚ್ ಬೀಳುತ್ತದೆ. ಚಂದದ ಉಪಾಯ ಅದು. ಆದರೆ ನಾವು ಕುಚ್ಚಲಕ್ಕಿಗೆ ಧಾರಾಳ ನೀರಿಟ್ಟು, ಬೇಯಿಸಿ, ತೆಳಿ ಬಸಿಯುವವರು. ನೀರು ಮುಗಿಯುವುದೇ ಇಲ್ಲ, ಸ್ವಿಚ್ ಬೀಳುವುದೂ ಇಲ್ಲ. ಅಕ್ಕಿ ಬೆಂದು ಒಡೆದು ಹೋಗುತ್ತದೆ. ತೆಳಿ ಉಕ್ಕಿ ಕೆಳಗಿನ ಪ್ಲೇಟಿಗೆ ಇಳಿಯುತ್ತದೆ. ನನ್ನ ಮೇಜಿಗೆ ಬರುವ ರೈಸ್ ಕುಕ್ಕರ್‌ಗಳನ್ನು ಬಿಚ್ಚಿದರೆ ಒಳಗೆ ಗಂಜಿ ಒಣಗಿ ಗಟ್ಟಿಯಾಗಿ ಕೂತಿರುತ್ತದೆ, ಸ್ವಿಚ್ಚಿನ ತುದಿ ಸುಟ್ಟಿರುತ್ತದೆ. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿ, ಅಳತೆಯ ನೀರಿಟ್ಟು ಮಾಡಿದರೆ ಕುಚ್ಚಲಕ್ಕಿಯೂ ಬೇಯುತ್ತದೆ. ಆದರೆ ಐದು ಜನಕ್ಕೆ ದಿನಾ ಹಾಗೆ ಮಾಡಲು, ಬಸಿದ ಅನ್ನ ಉಂಡು ರೂಢಿಯಾದ ಅತ್ತೆ ಮಾವ ಒಪ್ಪುತ್ತಾರಾ, ನೀವೇ ಹೇಳಬೇಕು.

ಕರೆಂಟಿನ ಪ್ರೆಶರ್ ಕುಕ್ಕರ್ ಎಂದು ಇನ್ನೊಂದಿದೆ. ಮುಚ್ಚಳ ತಿರುಗಿಸಿ ಬಿಗಿ ಮಾಡುವಂಥದ್ದು, ಗುಂಡಿ ಒತ್ತಿದರೆ ತಾನೇ ನೋಡಿಕೊಳ್ಳುತ್ತದೆ. ಇದರಲ್ಲಿ ಕುಚ್ಚಲಕ್ಕಿ, ಕಡಲೆ, ಹುರುಳಿ ಎಲ್ಲ ಚೆನ್ನಾಗಿ ಬೇಯುತ್ತದೆ. 6 ಲೀಟರಿನದ್ದು ಹೆಚ್ಚಾಗಿ 1,000 ವ್ಯಾಟ್. ಹಾಗಾಗಿ ವಯರಿಂಗಿಗೆ ಭಾರ ಇಲ್ಲ. ಮೈ ದಪ್ಪ ಇರುವುದರಿಂದ ಬಿಸಿ ಹೊರಗೆ ಹೋಗುವುದೂ ಕಡಿಮೆ. ಆದರೆ ಒಳ್ಳೆಯದು ಐದು ಸಾವಿರಕ್ಕಿಂತ ಮೇಲೆ ಇರುತ್ತದೆ. ರಬ್ಬರ್ ಮತ್ತು ಒಳಪಾತ್ರೆ ನಮ್ಮ ಪೇಟೆಯಲ್ಲಿ ಸಿಗುತ್ತದಾ ಎಂದು ಕೇಳದೆ ತರಬೇಡಿ.

ನನ್ನನ್ನು ಕೇಳಿದರೆ ನಿಮ್ಮ ಮನೆಗೆ ನಿಜವಾದ ಉಳಿತಾಯ ಇರುವುದು ಚೂಡಾರಪೆಟ್ಟಿಯಲ್ಲಿ. ನಮ್ಮ ಕಡೆ ಎಲ್ಲ ಪಾತ್ರೆ ಅಂಗಡಿಯಲ್ಲೂ ಇದೆ. ಥರ್ಮಲ್ ಕುಕ್ಕರ್ ಎಂದೂ ಹೇಳುತ್ತಾರೆ. ಬಿಸಿ ಆರದ ಹಾಗೆ ದಪ್ಪ ಗೋಡೆಯ ಪೆಟ್ಟಿಗೆ, ಅದರೊಳಗೆ ಒಂದು ಸ್ಟೀಲ್ ಪಾತ್ರೆ. ಅಕ್ಕಿ ಹಾಕಿ ಹತ್ತು ಹದಿನೈದು ನಿಮಿಷ ಜೋರಾಗಿ ಕುದಿಸಿ, ಪಾತ್ರೆಯನ್ನು ಪೆಟ್ಟಿಗೆಯೊಳಗೆ ಇಟ್ಟು ಮುಚ್ಚಿಬಿಡುವುದು. ಒಂದು, ಒಂದೂವರೆ ಗಂಟೆಯಲ್ಲಿ ಅನ್ನ ತಯಾರು. ಮಧ್ಯೆ ಮುಚ್ಚಳ ತೆಗೆದು ನೋಡಬಾರದು, ಅಷ್ಟೇ.

ಇದರ ಲೆಕ್ಕ ಸರಳ. ಒಂದು ಲೀಟರ್ ನೀರನ್ನು ಕುದಿಗೆ ತರಲು ಒಂದು ಯೂನಿಟ್‌ನ ಹತ್ತರಲ್ಲಿ ಒಂದು ಪಾಲು ಸಾಕು. ಮುಕ್ಕಾಲು ಕಿಲೋ ಅಕ್ಕಿಗೆ ನಾಲ್ಕು ಲೀಟರ್ ನೀರಿಟ್ಟರೆ, ಕುದಿ ಬರಲು ಇಂಡಕ್ಷನ್ನಿನಲ್ಲಿ ಅರ್ಧ ಯೂನಿಟ್‌ಗಿಂತ ಕಡಿಮೆ, ಸುಮಾರು ಕಾಲು ಗಂಟೆ. ಆಮೇಲೆ ಮುಕ್ಕಾಲು ಗಂಟೆ ಕುದಿಸುತ್ತ ಇರುತ್ತೇವಲ್ಲ, ಅದಕ್ಕೆ ಇನ್ನೊಂದು ಅರ್ಧ ಯೂನಿಟ್ ಹೋಗುತ್ತದೆ. ಆ ಎರಡನೆಯ ಅರ್ಧದಲ್ಲಿ ದೊಡ್ಡ ಪಾಲನ್ನು ಪೆಟ್ಟಿಗೆ ಉಳಿಸುತ್ತದೆ. ಗ್ಯಾಸಿನಲ್ಲಿ ಕುದಿಸಿ ಇಟ್ಟರೂ ಇದೇ ಉಳಿತಾಯ. ಅಂದರೆ ಇಂಡಕ್ಷನ್ ತರದಿದ್ದರೂ ಈ ಪೆಟ್ಟಿಗೆಯಿಂದ ನಿಮ್ಮ ಸಿಲಿಂಡರ್ 40 ದಿನದ ಬದಲು ಇನ್ನೂ ಕೆಲವು ದಿನ ಜಾಸ್ತಿ ಬರುತ್ತದೆ.

ನನ್ನ ಅಮ್ಮ ದೊಡ್ಡ ಬುಟ್ಟಿಯಲ್ಲಿ ಬೈಹುಲ್ಲು ತುಂಬಿ, ನಡುವೆ ಗೂಡು ಮಾಡಿ, ಕುದಿಯುವ ಅನ್ನದ ಪಾತ್ರೆಯನ್ನು ಅದರಲ್ಲಿಟ್ಟು ಮೇಲೆ ಹಳೆಯ ಕಂಬಳಿ ಹೊದಿಸುತ್ತಿದ್ದರು. ಗದ್ದೆಯಿಂದ ಬರುವಾಗ ಅನ್ನ ಬೆಂದಿರುತ್ತಿತ್ತು. ಅದೂ ಇದೇ ಕೆಲಸ. ಒಂದು ಎಚ್ಚರ: ಪೆಟ್ಟಿಗೆಯಲ್ಲೇ ಬೆಳಿಗ್ಗೆಯಿಂದ ರಾತ್ರಿಯ ತನಕ ಬಿಡಬೇಡಿ. ಉಗುರು ಬೆಚ್ಚಗಾದ ಅನ್ನ ನಮ್ಮ ಸೆಕೆಯಲ್ಲಿ ಬೇಗ ಹಳಸುತ್ತದೆ. ಬೆಂದ ಕೂಡಲೇ ಬಸಿದು ತೆಗೆಯಿರಿ.

ಇನ್ನು ಒಲೆಯ ಜಾತಿಗಳು. ತಂತಿಯ ಸುರುಳಿ ಕಾಣುವ ಹಳೆಯ ಕಾಯಿಲ್ ಒಲೆಯನ್ನು ದಯವಿಟ್ಟು ಮನೆಗೆ ತರಬೇಡಿ. ಅಗ್ಗ, ನಿಜ. ಆದರೆ ಆ ಸುರುಳಿಯಲ್ಲೇ ಕರೆಂಟ್ ಹರಿಯುತ್ತದೆ. ತಳ ತಗ್ಗಿದ ಪಾತ್ರೆ ಅಥವಾ ಸ್ಟೀಲ್ ಸೌಟು ಅದಕ್ಕೆ ತಾಗಿದರೆ ಪಾತ್ರೆಗೇ ಕರೆಂಟ್ ಬರುತ್ತದೆ. ಮುಳ್ಳೇರಿಯ ಕಡೆಯ ಒಂದು ಮನೆಯಲ್ಲಿ ಹೀಗೆ ಹಾಲಿನ ಪಾತ್ರೆ ಹಿಡಿದ ಹೆಂಗಸೊಬ್ಬರು ಶಾಕ್ ಹೊಡೆದು ಬಿದ್ದಿದ್ದರು. ಕಾಲಲ್ಲಿ ಚಪ್ಪಲಿ ಇತ್ತು, ಉಳಿದರು. ನಾನು ಹೋಗಿ ನೋಡಿದರೆ ಆ ಪ್ಲಗ್ಗಿಗೆ ಅರ್ತೇ, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿಯೇ, ಇರಲಿಲ್ಲ. ಸುರುಳಿಯನ್ನು ಕಬ್ಬಿಣದ ತಟ್ಟೆಯೊಳಗೆ ಮುಚ್ಚಿದ ಹಾಟ್ ಪ್ಲೇಟ್ ಇದೆ. ಅದು ಇದಕ್ಕಿಂತ ಎಷ್ಟೋ ವಾಸಿ. ಆದರೆ ಕಾಯಲು ಹೊತ್ತು ಹಿಡಿಯುತ್ತದೆ, ಆರಿಸಿದ ಮೇಲೂ ಬಹಳ ಹೊತ್ತು ಸುಡುತ್ತದೆ.

ಅಂಗಡಿಯವರು ತೋರಿಸಿದ ಇನ್‌ಫ್ರಾರೆಡ್ ಒಲೆಯೂ ಈ ಹಾಟ್ ಪ್ಲೇಟಿನ ಸಂಬಂಧಿಯೇ. ಗಾಜಿನ ಕೆಳಗೆ ತಂತಿ ಕೆಂಪಗೆ ಕಾಯುತ್ತದೆ, ಆ ಬಿಸಿ ಗಾಜನ್ನು ದಾಟಿ ಪಾತ್ರೆಗೆ ಬರುತ್ತದೆ. ಯಾವ ಪಾತ್ರೆಯೂ ಆಗುತ್ತದೆ ಎಂಬುದು ನಿಜ. ಅಲ್ಯೂಮಿನಿಯಂ, ಕಂಚು, ಮಣ್ಣಿನ ಮಡಕೆ, ತಳ ಚಪ್ಪಟೆ ಇದ್ದರೆ ಸಾಕು. ಅವರು ಹೇಳದೆ ಬಿಟ್ಟದ್ದು ಎರಡು ಮಾತು. ಒಂದು, ಬಿಸಿಯಲ್ಲಿ ನೂರಕ್ಕೆ 70ರಷ್ಟು ಮಾತ್ರ ಪಾತ್ರೆಗೆ ಸಿಗುತ್ತದೆ. ಸಿಲಿಂಡರಿಗೆ 135 ಯೂನಿಟ್ ಎಂದೆನಲ್ಲ, ಇದರಲ್ಲಿ 160 ದಾಟುತ್ತದೆ. 500ರ ಗೆರೆಯ ಹತ್ತಿರ ಇರುವ ನಿಮಗೆ ಅದು ದೊಡ್ಡ ವ್ಯತ್ಯಾಸ. ಎರಡು, ಆರಿಸಿದ ಮೇಲೂ ಗಾಜು ಸುಡುತ್ತಲೇ ಇರುತ್ತದೆ. ಮನೆಗೆ ಮೊಮ್ಮಕ್ಕಳು ಬಂದರೆ ಕಣ್ಣಿಟ್ಟಿರಬೇಕು.

ಇಂಡಕ್ಷನ್ ಬೇರೆಯೇ ರೀತಿ. ಗಾಜು ತಾನಾಗಿ ಕಾಯುವುದಿಲ್ಲ. ಕೆಳಗಿನ ತಾಮ್ರದ ಸುರುಳಿ ಪಾತ್ರೆಯ ತಳದಲ್ಲೇ ಬಿಸಿ ಹುಟ್ಟಿಸುತ್ತದೆ. ಪಾತ್ರೆಯಿಂದ ಗಾಜಿಗೆ ಸ್ವಲ್ಪ ಬಿಸಿ ಬರುತ್ತದೆ, ಅಷ್ಟೇ. ಪಾತ್ರೆ ತೆಗೆದರೆ ನಿಲ್ಲುತ್ತದೆ. ಅದಕ್ಕೇ ತಳಕ್ಕೆ ಆಯಸ್ಕಾಂತ ಅಂಟಬೇಕು. ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಗೊಂಬೆ ಇದೆಯಲ್ಲ, ಅದನ್ನು ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಕೂತರೆ ಆ ಪಾತ್ರೆ ಆಗುತ್ತದೆ. ಎಲ್ಲ ಸ್ಟೀಲೂ ಆಗುತ್ತದೆ ಎಂಬುದು ತಪ್ಪು. ನಮ್ಮ ಎಷ್ಟೋ ಸ್ಟೀಲ್ ಪಾತ್ರೆಗಳಿಗೆ ಆಯಸ್ಕಾಂತ ಅಂಟುವುದಿಲ್ಲ.

ದೋಸೆಯ ಕಾವಲಿಗೆ ಅಂಟುತ್ತದೆ. ಆದರೂ ನೀರುದೋಸೆಗೆ ಇಂಡಕ್ಷನ್ ಬೇಡ ಎನ್ನುತ್ತೇನೆ. ಅಗ್ಗದ ಇಂಡಕ್ಷನ್ನಿನ ಸುರುಳಿ ಒಂದು ಗೇಣಿಗಿಂತ ಅಗಲ ಇರುವುದಿಲ್ಲ. ನಮ್ಮ ಕಾವಲಿ ಅದಕ್ಕಿಂತ ಎಷ್ಟು ದೊಡ್ಡದು! ನಡುವೆ ಕಂದು, ಅಂಚಿನಲ್ಲಿ ಹಸಿ. ಒಗ್ಗರಣೆಯ ಸಣ್ಣ ಸೌಟನ್ನು ಅದು ಪಾತ್ರೆ ಎಂದೇ ಗುರುತಿಸುವುದಿಲ್ಲ. ತಳ ಗುಂಡಗಿರುವ ಬಾಣಲೆ ಆಗುವುದಿಲ್ಲ. ಹಲಸಿನ ಹಪ್ಪಳ ಸುಡಲು, ಗೊಜ್ಜಿಗೆ ಬದನೆ ಸುಡಲು ಬೆಂಕಿಯೇ ಬೇಕು. ಹಾಗಾಗಿ ಗ್ಯಾಸ್ ಕನೆಕ್ಷನ್ ಬಿಡುವ ಯೋಚನೆ ಯಾರು ಹೇಳಿದರೂ ಮಾಡಬೇಡಿ. ಅಲ್ಲದೆ ನಮ್ಮಲ್ಲಿ ಜೂನ್ ಜುಲೈಯಲ್ಲಿ ರಬ್ಬರ್ ಮರದ ಕೊಂಬೆ ಲೈನಿನ ಮೇಲೆ ಬಿದ್ದರೆ ಒಂದು ಹಗಲು ಕರೆಂಟ್ ಇರುವುದಿಲ್ಲ. ಮನೆಯ ಸಾಮಾನ್ಯ ಇನ್ವರ್ಟರ್ ಇಂಡಕ್ಷನ್ನಿನ ಭಾರ ಎಳೆಯುವುದಿಲ್ಲ.

ಅಡುಗೆಕಟ್ಟೆಯ ಕಲ್ಲು ಕತ್ತರಿಸಿ ಕೂರಿಸುವ ಎರಡು ಒಲೆಯ ಹಾಬ್ ನಿಮ್ಮ ಬಜೆಟ್ಟಿನಲ್ಲಿ ಬರುವುದಿಲ್ಲ, ನಿಮಗೆ ಬೇಕಾಗಿಯೂ ಇಲ್ಲ. ಹೊಸ ಮನೆ ಕಟ್ಟುವವರು ಬೇಕಿದ್ದರೆ ಅದಕ್ಕೆಂದೇ ಬೇರೆ ದಪ್ಪ ಲೈನ್ ಎಳೆಸಿ ಹಾಕಿಕೊಳ್ಳಲಿ.

ಮಾವನವರ ವಿಷಯಕ್ಕೆ ಬರುತ್ತೇನೆ. ಇಂಡಕ್ಷನ್ನಿನಿಂದ ಬರುವುದು ಎಕ್ಸ್‌ರೇಯಂಥ ರೇಡಿಯೇಶನ್ ಅಲ್ಲ. ಅದು ವೇಗವಾಗಿ ದಿಕ್ಕು ಬದಲಿಸುವ ಕಾಂತದ ಶಕ್ತಿ. ಒಲೆಯಿಂದ ದೂರ ಹೋದ ಹಾಗೆ ಬೇಗ ಕಡಿಮೆಯಾಗುತ್ತದೆ. ಆಹಾರ ಕೆಡುವುದಿಲ್ಲ, ಅದರ ಸತ್ವವೂ ಹೋಗುವುದಿಲ್ಲ. ಅಡುಗೆ ಮಾಡುವ ನಿಮಗೆ ಹೆದರಿಕೆ ಬೇಡ. ಆದರೆ ಪೇಸ್‌ಮೇಕರ್ ಇರುವವರ ಮಾತು ಬೇರೆ. ಅವರ ಎದೆ ಮತ್ತು ಉರಿಯುತ್ತಿರುವ ಇಂಡಕ್ಷನ್ನಿನ ನಡುವೆ ಕನಿಷ್ಠ ಎರಡು ಅಡಿ, ಅಂದರೆ 60 ಸೆಂಟಿಮೀಟರ್ ದೂರ ಇರಬೇಕು ಎಂಬುದು ಹೃದಯದ ಡಾಕ್ಟರುಗಳ ಸಾಮಾನ್ಯ ಸಲಹೆ. ಮಾವ ಊಟದ ಮೇಜಿನ ಹತ್ತಿರ ಕೂತರೆ, ಅಡುಗೆಕೋಣೆಯಲ್ಲಿ ಓಡಾಡಿದರೆ ಏನೂ ಇಲ್ಲ. ಅದರ ಮೇಲೆ ಬಗ್ಗಿ ಚಹಾ ಮಾಡುವುದು ಬೇಡ. ಬೆಳಿಗ್ಗೆ ಮೊದಲು ಎದ್ದು ಕಾಫಿಗೆ ನೀರಿಡುವವರು ಅವರೇ ಆಗಿದ್ದರೆ, ಅದು ಗ್ಯಾಸಿನ ಮೇಲೆಯೇ ಇರಲಿ. ಮುಂದಿನ ಸಲ ತಪಾಸಣೆಗೆ ಹೋದಾಗ ಅವರ ಡಾಕ್ಟರರನ್ನೂ ಒಮ್ಮೆ ಕೇಳಿ. ಯಂತ್ರದಲ್ಲಿ ಬೇರೆ ಬೇರೆ ಬಗೆ ಇರುತ್ತದೆ, ಅವರ ಮಾತು ನನ್ನ ಮಾತಿಗಿಂತ ಮೇಲೆ.

ಈಗ ನನಗೆ ಅತಿ ಮುಖ್ಯವಾದದ್ದು. ನೀವು ಪತ್ರದಲ್ಲಿ ಪ್ಲಗ್ಗಿನ ಬಗ್ಗೆ ಒಂದು ಮಾತೂ ಬರೆದಿಲ್ಲ. 2,000 ವ್ಯಾಟಿನ ಇಂಡಕ್ಷನ್ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ ಸಣ್ಣ ಸಾಕೆಟ್ 6 ಆಂಪಿಯರಿನದ್ದು. ಪಿನ್ ದಪ್ಪ ಇದೆ, ಹೋಗುವುದಿಲ್ಲ ಎಂದು ಅಡಾಪ್ಟರ್ ಹಾಕಿ ತುರುಕುತ್ತಾರೆ. ಮೊದಲ ವಾರ ಏನೂ ಆಗುವುದಿಲ್ಲ. ಆಮೇಲೆ ಸಾಕೆಟ್ ಹಳದಿ ತಿರುಗುತ್ತದೆ, ಮೀನು ಕೊಳೆತಂಥ ವಾಸನೆ ಬರುತ್ತದೆ. ಅದು ಪ್ಲಾಸ್ಟಿಕ್ ಬೇಯುವ ವಾಸನೆ. ನಾನು ಬದಲಿಸಿದ ಸುಟ್ಟ ಸ್ವಿಚ್ ಬೋರ್ಡುಗಳಲ್ಲಿ ಅಡುಗೆಕೋಣೆಯವೇ ಜಾಸ್ತಿ.

ನಿಮಗೆ ಬೇಕಾದದ್ದು 16 ಆಂಪಿಯರಿನ ಪವರ್ ಪ್ಲಗ್. ಬೋರ್ಡಿನಿಂದ ಅದಕ್ಕೆ ನೇರವಾಗಿ 2.5 ಚದರ ಮಿಲಿಮೀಟರಿನ ತಾಮ್ರದ ವಯರ್, ಅದಕ್ಕೊಂದು ಬೇರೆ ಎಂಸಿಬಿ, ಅಂದರೆ ಭಾರ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಮನೆ 25, 30 ವರ್ಷ ಹಳೆಯದಾದರೆ ಅಲ್ಯೂಮಿನಿಯಂ ವಯರ್ ಇರಬಹುದು. ಆ ವಯರಿನ ಮೇಲೆ ಇಂಡಕ್ಷನ್ ಹಾಕಲೇಬೇಡಿ. ಬೋರ್ಡಿನಿಂದ ಅಡುಗೆಕೋಣೆ ಎಷ್ಟು ದೂರ ಎಂಬುದರ ಮೇಲೆ ಈ ಕೆಲಸಕ್ಕೆ ಒಂದೂವರೆ, ಎರಡೂವರೆ ಸಾವಿರ ಆಗಬಹುದು. ಒಲೆಯಷ್ಟೇ ಖರ್ಚು ಪ್ಲಗ್ಗಿಗೂ ಎಂದು ನಿಮಗೆ ಅನಿಸಬಹುದು. ಆದರೂ ಇದನ್ನು ಬಿಟ್ಟು ಒಲೆ ತರುವುದಾದರೆ ನಾನು ಬೇಡ ಎಂದೇ ಹೇಳುತ್ತೇನೆ.

ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್, ಇಎಲ್‌ಸಿಬಿ, ಇದೆಯಾ, ಅದರ ಟೆಸ್ಟ್ ಗುಂಡಿ ಒತ್ತಿದರೆ ಬೀಳುತ್ತದಾ ಎಂದು ಇವತ್ತೇ ನೋಡಿ. 30 ಮಿಲಿ ಆಂಪಿಯರಿನದ್ದು ಇರಬೇಕು. ಪದೇ ಪದೇ ಬೀಳುತ್ತದೆ ಎಂದು ಕೆಲವರು ಅದನ್ನು ತಪ್ಪಿಸಿ ನೇರ ಕನೆಕ್ಷನ್ ಕೊಡಿಸಿರುತ್ತಾರೆ. ಅದು ಬೀಳುವುದು ಎಲ್ಲೋ ಕರೆಂಟ್ ಸೋರುತ್ತಿದೆ ಎಂದು ಹೇಳಲಿಕ್ಕೆ. ಸೋರುವ ಜಾಗ ಹುಡುಕಿಸಿ, ಅದನ್ನು ತಪ್ಪಿಸಬೇಡಿ.

ಇನ್ನೊಂದು ನಮ್ಮ ನೆಲದ ವಿಷಯ. ನಮ್ಮದು ಮುರಕಲ್ಲಿನ ಗುಡ್ಡ. ಮಳೆಗಾಲದಲ್ಲಿ ನೀರು ಕುಡಿದು ತಂಪಾಗಿರುವ ಅರ್ತ್ ಹೊಂಡ ಮಾರ್ಚ್ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಒಣಗಿರುತ್ತದೆ. ಒಣ ಮಣ್ಣಿನಲ್ಲಿ ಅರ್ತ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಒಂದು ಕೊಡ ನೀರು ಅದಕ್ಕೂ ಹಾಕಿ. ಬಸಳೆ ಚಪ್ಪರಕ್ಕೆ ಹಾಕುವಾಗ ನೆನಪಾದರೆ ಸಾಕು.

ಸಂಜೆಯ ವೋಲ್ಟೇಜ್. 230 ಇರಬೇಕಾದಲ್ಲಿ 180 ಇದ್ದರೆ, ತಂತಿ ಕಾಯುವ ಒಲೆ, ರೈಸ್ ಕುಕ್ಕರ್ ಇವುಗಳ ಬಲ ನೂರರಲ್ಲಿ 61ಕ್ಕೆ ಇಳಿಯುತ್ತದೆ. ಅನ್ನ ಆಗಲು ಒಂದೂವರೆ ಪಟ್ಟಿಗಿಂತ ಜಾಸ್ತಿ ಹೊತ್ತು. ವೋಲ್ಟೇಜ್ ತೀರಾ ಕಡಿಮೆಯಾದರೆ ಇಂಡಕ್ಷನ್ ಕೀಂ ಕೀಂ ಎಂದು ನಿಂತೇಬಿಡುತ್ತದೆ. ಫ್ರಿಜ್ಜಿನ ಸ್ಟೆಬಿಲೈಜರಿಗೆ ಅದನ್ನು ಜೋಡಿಸಬೇಡಿ, ಅದಕ್ಕೆ ಅಷ್ಟು ಶಕ್ತಿ ಇಲ್ಲ. 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ನೆರೆಯ ನಾಲ್ಕು ಮನೆಯವರೂ ಮಾಡಿದರೆ ಬೇಗ ಕೆಲಸ ಆಗುತ್ತದೆ. ಅಲ್ಲಿಯ ತನಕ ಕರೆಂಟಿನ ಅಡುಗೆ ಬೆಳಿಗ್ಗೆಗೆ ಇರಲಿ.

ಹಾಗಾದರೆ ಐದು ಸಾವಿರದಲ್ಲಿ ಏನು ಮಾಡುವುದು? ಮೊದಲು ಪವರ್ ಪ್ಲಗ್. ಉಳಿದದ್ದರಲ್ಲಿ ಸುಮಾರು ಎರಡು, ಎರಡೂವರೆ ಸಾವಿರದ ಒಂದು ಇಂಡಕ್ಷನ್. ಐಎಸ್ಐ ಗುರುತು ಇರಲಿ. ಮುಟ್ಟಿದರೆ ಸಾಕು ಎನ್ನುವ ಗಾಜಿನ ಪಟ್ಟಿಗಿಂತ ಒತ್ತುವ ಗುಂಡಿಯದ್ದು ತನ್ನಿ. ಒದ್ದೆ ಕೈಯಲ್ಲಿ, ವಯಸ್ಸಾದವರ ಬೆರಳಿಗೆ ಮುಟ್ಟುವ ಪಟ್ಟಿ ಸರಿಯಾಗಿ ಕೇಳುವುದಿಲ್ಲ. ಒಳಗೆ ಎಷ್ಟೇ ಆಟ ಇದ್ದರೂ ನಿಮಗೆ ಬೇಕಾದದ್ದು ಬಿಸಿ ಜಾಸ್ತಿ ಕಡಿಮೆ ಮಾಡುವುದು ಮಾತ್ರ. ರಿಪೇರಿ ಕಾಸರಗೋಡಿನಲ್ಲೇ ಆಗುತ್ತದಾ, ಮಂಗಳೂರಿಗೆ ಕಳಿಸಬೇಕಾ ಎಂದು ಮೊದಲೇ ಕೇಳಿ. ಮಂಗಳೂರಿನಲ್ಲಿ ಮಗ ಕೊಂಡುಕೊಟ್ಟರೂ ಇದನ್ನು ವಿಚಾರಿಸಿಯೇ ಕೊಳ್ಳಲಿ. ಚೂಡಾರಪೆಟ್ಟಿಗೆ ಈ ತಿಂಗಳು ದುಡ್ಡು ಸಾಲದಿದ್ದರೆ ಮುಂದಿನ ತಿಂಗಳು. ಅಲ್ಲಿಯ ತನಕ ಬೈಹುಲ್ಲಿನ ಬುಟ್ಟಿ ಇದೆಯಲ್ಲ.

ಬೆಳಗಿನ ಅನ್ನ ಕುದಿಸುವುದು, ಕುಡಿಯುವ ನೀರು, ಚಹಾ ಇಷ್ಟನ್ನು ಇಂಡಕ್ಷನ್ನಿನಲ್ಲಿ ಮಾಡಿದರೆ ದಿನಕ್ಕೆ ಒಂದು, ಒಂದೂಕಾಲು ಯೂನಿಟ್. ಎರಡು ತಿಂಗಳಿಗೆ 70 ಯೂನಿಟ್ ಸುತ್ತಮುತ್ತ. 380 ಇದ್ದದ್ದು 450 ಆಗುತ್ತದೆ. ಗೆರೆಯ ಒಳಗೇ ಇದ್ದೀರಿ. ಗ್ಯಾಸಿಗಿಂತ ಇದು ಬಿಲ್ಲಿಗೆ ನೂರು ನೂರೈವತ್ತು ರೂಪಾಯಿ ಜಾಸ್ತಿಯೇ ಆಗುತ್ತದೆ, ಮುಚ್ಚಿಡುವುದಿಲ್ಲ. ಆದರೆ ಗಾಡಿ ತಡವಾದ ವಾರದಲ್ಲಿ ಅತ್ತೆ ಹೊಗೆಯಲ್ಲಿ ಕಣ್ಣು ಉಜ್ಜುತ್ತ ಕೂರುವುದು ತಪ್ಪುತ್ತದೆ. ಏಪ್ರಿಲ್ ಮೇಯಲ್ಲಿ ಫ್ಯಾನ್, ಪಂಪು ಎಲ್ಲ ಸೇರಿ ಬಿಲ್ ಮೇಲೆ ಹೋಗುತ್ತದೆ. ಆಗ ಇಂಡಕ್ಷನ್ ಕಡಿಮೆ ಮಾಡಿ ಗ್ಯಾಸ್ ಜಾಸ್ತಿ ಮಾಡಿ. ಸ್ನಾನದ ನೀರಿಗೆ ಹಂಡೆಯ ಕೆಳಗೆ ಗೆರಟೆ, ಮಡಲು ಹೇಗೂ ಉರಿಯುತ್ತದಲ್ಲ, ಅದು ಹಾಗೇ ಇರಲಿ. ಗೀಸರ್ ಹಾಕಿದರೆ ಈ ಲೆಕ್ಕವೆಲ್ಲ ಬುಡಮೇಲು.

ತಂದ ಮೇಲೆ ಗೋಡೆಯಿಂದ ಒಂದು ಹಿಡಿ ದೂರ ಇಡಿ, ಒಳಗಿನ ಫ್ಯಾನಿಗೆ ಗಾಳಿ ಬೇಕು. ಅಡುಗೆ ಆದ ಕೂಡಲೇ ಗೋಡೆಯ ಸ್ವಿಚ್ ಆರಿಸಬೇಡಿ, ಫ್ಯಾನ್ ತಾನೇ ನಿಲ್ಲಲಿ. ಆಮೇಲೆ ಪ್ಲಗ್ ಕಿತ್ತಿಡಿ. ತುಲಾ ತಿಂಗಳ ಸಂಜೆಯ ಸಿಡಿಲಿಗೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಹೊರಗೆ ಇರಬೇಕು. ಮಳೆಗಾಲದಲ್ಲಿ ಬೆಚ್ಚಗಿರುತ್ತದೆ ಎಂದು ಇರುವೆ, ಹಲ್ಲಿ ಒಳಗೆ ಸೇರಿಕೊಳ್ಳುತ್ತವೆ. ಹಲ್ಲಿ ಬೋರ್ಡಿಗೆ ತಾಗಿ ಸತ್ತು ಯಂತ್ರವೂ ಹೋದದ್ದನ್ನು ನಾನು ಬಹಳ ಸಲ ನೋಡಿದ್ದೇನೆ. ಬಳಸದ ದಿನ ಬಟ್ಟೆಯ ಚೀಲದೊಳಗೆ ಹಾಕಿ ಕಪಾಟಿನಲ್ಲಿಡಿ.

ಕೊನೆಗೆ ಅಲ್ಯೂಮಿನಿಯಂ ಪಾತ್ರೆಗಳು. ಯಾವುದನ್ನೂ ಕೊಡಬೇಡಿ. ಇಂಡಕ್ಷನ್ನಿಗೆ ನಿಮಗೆ ಬೇಕಾದದ್ದು ಎರಡೇ, ಅನ್ನಕ್ಕೆ ಒಂದು ದೊಡ್ಡ ಪಾತ್ರೆ, ಚಹಾಕ್ಕೆ ಒಂದು ಸಣ್ಣದು. ಆಯಸ್ಕಾಂತ ಹಿಡಿದು ನೋಡಿದರೆ ಮನೆಯಲ್ಲೇ ಸಿಗಬಹುದು. ಚೂಡಾರಪೆಟ್ಟಿ ಕೊಳ್ಳಲು ಹೋಗುವಾಗಲೂ ಆಯಸ್ಕಾಂತ ಕಿಸೆಯಲ್ಲಿರಲಿ, ಅದರ ಪಾತ್ರೆಗೆ ಅಂಟುತ್ತದಾ ಎಂದು ಅಂಗಡಿಯಲ್ಲೇ ನೋಡಿ. ಹಳೆಯ ಪ್ರೆಶರ್ ಕುಕ್ಕರ್ ಗ್ಯಾಸಿನ ಮೇಲೆ ಇರಲಿ. ಹಬೆಯಲ್ಲಿ ಬೇಯಿಸುವ ನಿಮ್ಮ ಅಟ್ಟಿನಳಗೆಯೂ ಅಲ್ಯೂಮಿನಿಯಮ್ಮಿನದ್ದೇ ಇರಬೇಕು. ಹಲಸಿನ ಹಣ್ಣಿನ ಕೊಟ್ಟಿಗೆ, ಪತ್ರೊಡೆ ಬೇಯಿಸಲು ಅದಕ್ಕಿಂತ ಒಳ್ಳೆಯದನ್ನು ನಾನಂತೂ ಯಾವ ಅಂಗಡಿಯಲ್ಲೂ ನೋಡಿಲ್ಲ.